ಬಿಸಿಲೂರಿನ ಕರಕಿ

ಹುಲ್ಲುಹಾಸಿಗೆ ಬಾಯಾರಿದೆಯೇ ಎಂದು ತಿಳಿಯಬೇಕಾದರೆ ಬರಿಗಾಲಲ್ಲಿ ಅದರ ಮೇಲೆ ನಾಲ್ಕು ಹೆಜ್ಜೆ ನಡೆದು ಹಿಂದಿರುಗಿ ನೋಡಬೇಕು. ನೀರುಂಡ ಹುಲ್ಲಾದರೆ ಕಾಲೆತ್ತಿದ್ದೇ ತಡ, ಎಸಳುಗಳು ಒಂದೊಂದಾಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಏಳುತ್ತವೆ. ನೀವು ಬಂದ ದಾರಿ ನೋಡನೋಡುತ್ತಲೇ ಅಳಿಸಿಹೋಗುತ್ತದೆ. ಬಾಯಾರಿದ್ದರೆ ಹೆಜ್ಜೆ ಹಾಗೇ ಉಳಿಯುತ್ತದೆ, ಹೆಬ್ಬೆರಳು, ಹಿಮ್ಮಡಿ, ನಡುವಿನ ಬಾಗು ಸಮೇತ. ಎಸಳಿನೊಳಗೆ ನೀರಿನ ಬಿಗಿ ಸಡಿಲಾದ ಗುರುತು ಅದು. ಆಗ ಬಣ್ಣವೂ ಬದಲಾಗಿರುತ್ತದೆ. ಹಸಿರು ಹೋಗಿ ಹಳದಿ ಬರುವ ಮುಂಚೆ, ಎರಡರ ನಡುವೆ, ನೀಲಿ ಬೆರೆತ ಬೂದಿಯಂಥ ಬಣ್ಣವೊಂದು ಒಂದು ದಿನದ ಮಟ್ಟಿಗೆ ಬಂದು ಹೋಗುತ್ತದೆ. ಅದನ್ನು ಗುರುತಿಸಲು ನನಗೆ ಮೂರು ಬೇಸಿಗೆ ಬೇಕಾದವು. ಈಗ ಮಾರ್ಚ್ ತಿಂಗಳ ಬೆಳಗಿನಲ್ಲಿ ಚಹಾ ಹಿಡಿದು ಹೊರಬಂದರೆ ಪೇಪರಿಗಿಂತ ಮೊದಲು ನೋಡುವುದು ನನ್ನ ಹೆಜ್ಜೆಗಳನ್ನೇ.

ನಮ್ಮದು ವಿಜಯಪುರ. ಮನೆಯ ಮುಂದೆ 20 ಅಡಿ ಉದ್ದ, 15 ಅಡಿ ಅಗಲದ ಒಂದು ತುಂಡು ನೆಲ. ಒಂದು ಮೂಲೆಯಲ್ಲಿ ಬೇವಿನ ಮರ, ಇನ್ನೊಂದು ಮೂಲೆಯಲ್ಲಿ ನೀರಿನ ತೊಟ್ಟಿ. ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುವ ಬಿಸಿಲು. ಮಳೆರಾಯನೋ, ಕೊಟ್ಟರೆ ಕೊಟ್ಟ, ಇಲ್ಲದಿದ್ದರೆ ಇಲ್ಲ. ಇಂಥ ಊರಿನಲ್ಲಿ ಹುಲ್ಲುಹಾಸು ಮಾಡುತ್ತೇನೆಂದಾಗ ಗೆಳೆಯರು ನಕ್ಕರು. ಅವರು ನಕ್ಕದ್ದು ಸರಿಯೇ. ಮೊದಲ ಸಲ ನಾನು ನರ್ಸರಿಯಿಂದ ತಂದದ್ದು ಬೆಂಗಳೂರಿನ ಬಂಗಲೆಗಳ ಮುಂದೆ ನೋಡಿ ಮರುಳಾಗಿದ್ದ ಆ ಮೆತ್ತನೆ ಮೆಕ್ಸಿಕನ್ ಹುಲ್ಲು. ಚಾಪೆಯಂತೆ ಸುರುಳಿ ಸುತ್ತಿ ತಂದು ಎರೆಮಣ್ಣಿನ ಮೇಲೆ ಹಾಸಿದೆ. ಸಂಜೆಗೊಮ್ಮೆ ಪೈಪು ಹಿಡಿದು ಮೇಲೆ ಮೇಲೆ ನೀರು ಚಿಮುಕಿಸಿದೆ. ಮೇ ತಿಂಗಳಲ್ಲಿ ಎರೆಮಣ್ಣು ತನ್ನ ಸ್ವಭಾವದಂತೆ ಬಾಯಿ ಬಿಟ್ಟಿತು. ಬಿರುಕಿನಲ್ಲಿ ಅಂಗೈ ಇಳಿಯುವಷ್ಟು ಜಾಗ. ಚಾಪೆ ತುಂಡು ತುಂಡಾಗಿ ಹರಿದು, ಹರಿದ ಅಂಚಿನಿಂದ ಒಣಗುತ್ತ ಬಂದು, ಕೊನೆಗೆ ಹಳೇ ಗೋಣಿಚೀಲದಂತಾಯಿತು. ತಪ್ಪು ಹುಲ್ಲಿನದಲ್ಲ, ನರ್ಸರಿಯವನದೂ ಅಲ್ಲ. ಬೇರೆ ಊರಿನ ಚಿತ್ರವನ್ನು ತಂದು ಈ ನೆಲದ ಮೇಲೆ ಅಂಟಿಸಲು ಹೋದವನು ನಾನು.

ಆ ಗೋಣಿಚೀಲದ ಬಿರುಕುಗಳ ನಡುವೆ, ಜೂನಿನ ಮೊದಲ ಮಳೆಯಾದ ನಾಲ್ಕನೇ ದಿನ, ಯಾರೂ ನೆಡದ ಹುಲ್ಲೊಂದು ತಲೆ ಎತ್ತಿತ್ತು. ಕರಕಿ. ನಿಮ್ಮ ಕಡೆ ಗರಿಕೆ ಅನ್ನುತ್ತೀರಿ.

ಕರಕಿಯನ್ನು ಹತ್ತಿರದಿಂದ ನೋಡಿದವರು ಕಡಿಮೆ, ಏಕೆಂದರೆ ಅದು ಎಲ್ಲೆಲ್ಲೂ ಇದೆ. ಒಂದು ಎಳೆ ಕಿತ್ತು ಕೈಯಲ್ಲಿ ಹಿಡಿಯಿರಿ. ನೆಲದ ಮೇಲೆ ಹರಿಯುವ ಕಾಂಡ, ಗೇಣಿಗೆ ನಾಲ್ಕೈದು ಗಿಣ್ಣು. ಬಿಸಿಲಿಗೆ ಬಿದ್ದ ಕಡೆ ಆ ಕಾಂಡ ನೇರಳೆಗೆ ತಿರುಗಿರುತ್ತದೆ. ಒಂದೊಂದು ಗಿಣ್ಣಿನಲ್ಲೂ ಕೆಳಗೆ ಬೇರಿನ ಕುಚ್ಚು, ಮೇಲೆ ಎಲೆಯ ಕುಚ್ಚು. ಎಲೆ ಕಾಂಡವನ್ನು ಬಿಟ್ಟು ಹೊರಳುವ ಜಾಗದಲ್ಲಿ, ಕಣ್ಣು ಕಿರಿದು ಮಾಡಿದರೆ, ಬಿಳಿ ರೋಮದ ಪುಟ್ಟ ಅಂಚು ಕಾಣುತ್ತದೆ. ಬಿಟ್ಟರೆ ತೆನೆ ಬರುತ್ತದೆ: ಒಂದೇ ತುದಿಯಿಂದ ನಾಲ್ಕೈದು ಬೆರಳು ಬಿಚ್ಚಿದ ಹಾಗೆ, ಬಟ್ಟೆ ಹೋದ ಕೊಡೆಯ ಕಡ್ಡಿಗಳ ಹಾಗೆ. ಸಸ್ಯಶಾಸ್ತ್ರದವರು ಇಟ್ಟ ಸೈನೊಡಾನ್ ಡ್ಯಾಕ್ಟಿಲಾನ್ ಎಂಬ ಹೆಸರಿನಲ್ಲಿ ನಾಯಿಯ ಹಲ್ಲೂ ಇದೆ, ಬೆರಳೂ ಇದೆ. ಅಮೆರಿಕದವರು ಇದನ್ನು ಬರ್ಮುಡಾ ಹುಲ್ಲು ಅನ್ನುತ್ತಾರೆ; ಬರ್ಮುಡಾಕ್ಕೂ ಇದರ ಹುಟ್ಟಿಗೂ ಸಂಬಂಧವಿಲ್ಲ. ದಿಲ್ಲಿಯ ಕಡೆಯವರಿಗೆ ದೂಬ್. ಪುರೋಹಿತರಿಗೆ ದೂರ್ವೆ. ಗಿಣ್ಣಿನಿಂದ ಗಿಣ್ಣಿಗೆ ಹಬ್ಬುವ ಇದರ ಗುಣವನ್ನು ವೇದಮಂತ್ರವೇ ನೆನೆದಿದೆ ಎಂದರೆ, ನೋಡುವ ಕಣ್ಣು ಆಗಲೇ ಎಷ್ಟು ಚುರುಕಾಗಿತ್ತು!

ಬಿಸಿಲಿಗೂ ಇದಕ್ಕೂ ಇರುವ ನಂಟು ಇನ್ನೂ ಸೊಗಸು. ಬೆಂಕಿಯ ರೂಪದ ಅನಲಾಸುರನನ್ನು ಗಣಪತಿ ನುಂಗಿದನಂತೆ. ಹೊಟ್ಟೆಯ ಉರಿ ಯಾವ ಉಪಚಾರಕ್ಕೂ ಇಳಿಯಲಿಲ್ಲ, ಋಷಿಗಳು ತಂದ ಗರಿಕೆಗೆ ಇಳಿಯಿತು. ಪುರಾಣ ಕಟ್ಟಿದವನು ಯಾರೋ, ಮೇ ತಿಂಗಳ ಉರಿನೆಲದಲ್ಲಿ ಗರಿಕೆಯ ಮೇಲೆ ಕಾಲಿಟ್ಟು ನೋಡಿದವನೇ ಇರಬೇಕು ಎಂದು ನನ್ನ ಗುಮಾನಿ. ವಿಜ್ಞಾನದ ಕಥೆಯೂ ಹೆಚ್ಚು ಬೇರೆಯಲ್ಲ. ಜೋಳ, ಕಬ್ಬು, ಮೆಕ್ಕೆಜೋಳಗಳ ಹಾಗೆ ಕರಕಿಯೂ ಗಾಳಿಯ ಇಂಗಾಲವನ್ನು ಮೊದಲು ಒಳಗೆ ದಟ್ಟವಾಗಿ ಕೂಡಿಸಿಕೊಂಡು ಆಮೇಲೆ ಅಡುಗೆಗಿಡುವ ಜಾತಿ. ಆದ್ದರಿಂದ ಎಲೆಯ ಬಾಯಿಗಳನ್ನು ಹೆಚ್ಚು ತೆರೆದು ನೀರು ಕಳೆದುಕೊಳ್ಳಬೇಕಿಲ್ಲ. ಇಂಗ್ಲೆಂಡಿನ ತಂಪು ಹುಲ್ಲು ಸೋತು ಕೈಚೆಲ್ಲುವ ಸೆಕೆಯಲ್ಲಿ ಇದಕ್ಕೆ ಹುರುಪು. ನಮ್ಮ ತಾಟಿನ ಬಿಳಿಜೋಳದ ರೊಟ್ಟಿಗೂ ಅಂಗಳದ ಕರಕಿಗೂ ದಾಯಾದಿ ಸಂಬಂಧ ಎಂದಾಯಿತು. ಈ ನೆಲ ಯಾರನ್ನು ಸಾಕುತ್ತದೆ ಎಂಬುದು ಇಷ್ಟರಲ್ಲೇ ಗೊತ್ತಾಗಬೇಕಿತ್ತು, ನನಗೆ ಗೊತ್ತಾಗಲಿಲ್ಲ.

ಅಪ್ಪನಿಗೆ ಗೊತ್ತಿತ್ತು, ಆದರೆ ಬೇರೆ ರೀತಿಯಲ್ಲಿ. ಅವನು ಎರಿ ಹೊಲದ ರೈತ. ಕರಕಿ ಎಂದರೆ ಅವನಿಗೆ ಶತ್ರು. ನೆಲದ ಮೇಲಿನದನ್ನು ಕಿತ್ತರೆ ನೆಲದೊಳಗಿನದು ಉಳಿಯುತ್ತದೆ, ನೆಲದೊಳಗಿನದನ್ನು ಕಡಿದರೆ ತುಂಡಿಗೊಂದು ಹೊಸ ಗಿಡ. ನಾನು ಸಣ್ಣವನಿದ್ದಾಗ ಬ್ಯಾಸಿಗೆಯಲ್ಲಿ ಆಳುಗಳು ಸಾಲಾಗಿ ನಿಂತು ಗುದ್ದಲಿಯಿಂದ ಕರಕಿ ಅಗೆಯುತ್ತಿದ್ದದ್ದು ನೆನಪಿದೆ. ಮೊಣಕೈ ಆಳದಿಂದ ಬಿಳಿ ಹಗ್ಗದಂಥ ಬೇರುಗಡ್ಡೆ ಎಳೆದು ಬದುವಿನ ಮೇಲೆ ಬಿಸಿಲಿಗೆ ಹಾಕುವರು. ಒಂದು ತುಂಡು ಮರೆತುಹೋದರೆ ಮರುವರ್ಷ ಮತ್ತೆ ಅಲ್ಲಿಂದಲೇ ಶುರು. ಅಂಥ ಅಪ್ಪ ಮನೆಗೆ ಬಂದವನು ನಾನು ಪೈಪು ಹಿಡಿದು ಕರಕಿಗೆ ನೀರು ಬಿಡುವುದನ್ನು ಗೇಟಿನಲ್ಲೇ ನಿಂತು ನೋಡಿದ.

“ಅಲ್ಲೋ ತಮ್ಮಾ, ಇದನ್ನ ಕಿತ್ತು ಕಿತ್ತು ನನ್ನ ಬೆನ್ನ ಬಾಗೇದ. ನೀ ರೊಕ್ಕಾ ಕೊಟ್ಟು ನೀರು ಹಾಕ್ತೀಯಲ್ಲಾ?”

ನಾನು ಏನೋ ಸಮಜಾಯಿಷಿ ಹೇಳಿದೆ. ಅವನು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಬಂದು ಕುಕ್ಕರಗಾಲಲ್ಲಿ ಕೂತ. ಬೆರಳು ಮಣ್ಣಿಗೆ ಚುಚ್ಚಿ ನೋಡಿದ. ಒಂದು ಬೆರಳಿನ ಆಳಕ್ಕೆ ಮಣ್ಣು ಒಣಗಿತ್ತು.

“ಹಿಂಗ ದಿನಾ ಚೂರು ಚೂರು ಹಾಕಿದ್ರ ಬೇರು ಮ್ಯಾಲೇ ಕುಂದರತಾವು. ಒಮ್ಮಿ ಹೊಟ್ಟಿ ತುಂಬ ಕುಡಿಸು, ಆಮ್ಯಾಲೆ ಮರತು ಬಿಡು. ನೀರು ಹುಡಿಕ್ಯೋತ ಬೇರು ತಾವ ಇಳೀತಾವು.”

ಹುಲ್ಲುಹಾಸಿನ ಪುಸ್ತಕಗಳು ಹತ್ತು ಪುಟಗಳಲ್ಲಿ ಹೇಳುವುದು ಇಷ್ಟನ್ನೇ. ಮೂವತ್ತು ವರ್ಷ ಒಂದು ಗಿಡವನ್ನು ಕೊಲ್ಲಲು ನೋಡಿದವನಿಗಿಂತ ಚೆನ್ನಾಗಿ ಅದರ ಜೀವ ಎಲ್ಲಿದೆ ಎಂದು ಬಲ್ಲವರು ಯಾರು?

ಆ ಮಳೆಗಾಲದಲ್ಲೇ ಹಾಸನ್ನು ಮೊದಲಿನಿಂದ ಮಾಡಿದೆವು. ಎರೆಮಣ್ಣನ್ನು ಒಂದು ಗೇಣು ಅಗೆದು, ಮಸಾರಿ ಮಣ್ಣು, ಮರಳು, ತಿಪ್ಪೆಗೊಬ್ಬರ ಬೆರೆಸಿ, ನೀರು ನಿಲ್ಲದ ಹಾಗೆ ಗೇಟಿನ ಕಡೆಗೆ ಚೂರು ಇಳಿಜಾರು ಕೊಟ್ಟೆವು. ಕರಕಿ ನೆಡಲು ಹಲವು ದಾರಿ ಇವೆ: ಬೀಜ ಉಗ್ಗಬಹುದು, ಗಿಣ್ಣಿನ ತುಂಡುಗಳನ್ನು ಮೂರು ನಾಲ್ಕು ಇಂಚಿಗೊಂದರಂತೆ ಊರಬಹುದು. ನಾವು ಹಿಡಿದದ್ದು ಹಳೇ ಮಾಲಿಗಳ ಇನ್ನೊಂದು ದಾರಿ. ಕರಕಿಯನ್ನು ಕುಡಗೋಲಿನಿಂದ ಎರಡಿಂಚಿನ ತುಂಡುಗಳಾಗಿ ಕತ್ತರಿಸುವುದು, ಹಸಿ ಸಗಣಿ, ಮಣ್ಣು, ನೀರು ಹಾಕಿ ಗಟ್ಟಿ ಕೆಸರಾಗಿ ಕಲಸುವುದು, ತೇವ ಮಾಡಿದ ನೆಲದ ಮೇಲೆ ಅದನ್ನು ಒಂದಿಂಚು ದಪ್ಪಕ್ಕೆ ಬಳಿಯುವುದು. ಅವ್ವ ಸೀರೆ ಸೆರಗು ಸೊಂಟಕ್ಕೆ ಸಿಗಿಸಿ ಇಳಿದೇಬಿಟ್ಟಳು. ಅಂಗೈ ಅರ್ಧ ಸುತ್ತು ತಿರುಗಿಸಿ ಹಿಂದಕ್ಕೆಳೆಯುವ ಆ ಗತಿ, ಅಂಗಳ ಸಾರಿಸುವವರ ಗತಿಯೇ. ಬಿಲ್ಲು ಬಿಲ್ಲಾಗಿ ಬೆರಳ ಗೆರೆ ಮೂಡಿದ ಆ ನೆಲವನ್ನು ಹಾಗೇ ಬಿಟ್ಟರೂ ಚೆಂದವೇ ಇತ್ತು. ಸಗಣಿಯ ಉಂಡೆಗೆ ಗರಿಕೆ ಸಿಗಿಸಿದರೆ ಬೆನಕ. ಸಗಣಿಯಲ್ಲಿ ಗರಿಕೆ ಕಲಸಿದರೆ ಹುಲ್ಲುಹಾಸು. ಎರಡೂ ಅವಳಿಗೆ ಹೊಸದಾಗಿರಲಿಲ್ಲ.

ಮೇಲೆ ತೆಳುವಾಗಿ ಒಣಹುಲ್ಲು ಹೊದಿಸಿ ಎರಡು ಹೊತ್ತು ನೀರು ಚಿಮುಕಿಸಿದೆವು. ಎರಡು ವಾರದಲ್ಲಿ ಸೂಜಿಮೊನೆಯಷ್ಟು ಹಸಿರು. ಮತ್ತೆ ಹದಿನೈದು ದಿನಕ್ಕೆ ಗಿಣ್ಣುಗಳು ಪರಸ್ಪರ ಕೈ ಹಿಡಿದಿದ್ದವು.

ಇನ್ನು ಕತ್ತರಿಸುವ ಮಾತು. 1830ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಸೀಮೆಯ ಎಡ್ವಿನ್ ಬಡ್ಡಿಂಗ್ ಎಂಬವನು ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದು ಹೊಳೆದದ್ದು ಬಟ್ಟೆಯ ಗಿರಣಿಯಲ್ಲಿ: ಉಣ್ಣೆಬಟ್ಟೆಯ ಮೇಲೆದ್ದ ಜುಂಗು ಸವರಿ ನುಣುಪು ಮಾಡುವ ಸುರುಳಿ ಬ್ಲೇಡು ಕಂಡು, ಇದನ್ನೇ ನೆಲದ ಮೇಲೆ ಉರುಳಿಸಿದರೆ ಹೇಗೆ ಎಂದುಕೊಂಡನಂತೆ. ಹುಲ್ಲುಹಾಸನ್ನು ಮಖಮಲ್ಲಿಗೆ ಹೋಲಿಸುವುದು ಕವಿಗಳ ಸವಕಲು ಮಾತಲ್ಲ ಎಂದಾಯಿತು, ಅದರ ಯಂತ್ರವೇ ಬಟ್ಟೆಯಿಂದ ಬಂದದ್ದು. ಮೈದಾನಗಳಲ್ಲಿ ಕಾಣುವ ತಿಳಿಹಸಿರು, ಕಡುಹಸಿರು ಪಟ್ಟೆಗಳೂ ಮಖಮಲ್ಲಿನ ಆಟವೇ. ಯಂತ್ರ ಹೋದ ದಿಕ್ಕಿಗೆ ಎಸಳು ಬಾಗುತ್ತದೆ. ನಮ್ಮಿಂದ ಆಚೆ ಬಾಗಿದ್ದು ಬೆಳಕು ಚೆಲ್ಲುತ್ತದೆ, ಈಚೆ ಬಾಗಿದ್ದು ನೆರಳು ತೋರುತ್ತದೆ. ಬಣ್ಣ ಒಂದೇ.

ನನ್ನದು ಕೈಯಿಂದ ತಳ್ಳುವ ಹಳೇ ಸುರುಳಿ ಬ್ಲೇಡಿನ ಯಂತ್ರ. ಪೆಟ್ರೋಲಿನದು ಬೇಡ, ಅದರ ಗದ್ದಲದಲ್ಲಿ ಆ ಚರ್‌ಚರ್ ಸದ್ದು ಕೇಳುವುದಿಲ್ಲ, ಕೊಯ್ದ ಹುಲ್ಲಿನ ವಾಸನೆಯೂ ಹೊಗೆಯಲ್ಲಿ ಹೋಗುತ್ತದೆ. ಆ ವಾಸನೆ ಹುಲ್ಲು ಗಾಯಗೊಂಡಾಗ ಹೊರಬಿಡುವ ಆವಿಯದು ಎಂದು ಗೊತ್ತಾದ ಮೇಲೂ ನನಗೆ ಅದರ ಮೇಲಿನ ಆಸೆ ಕಡಿಮೆಯಾಗಿಲ್ಲ, ಸ್ವಲ್ಪ ನಾಚಿಕೆಯಾಗುತ್ತದೆ ಅಷ್ಟೆ. ಮಳೆಗಾಲದಲ್ಲಿ ಒಂದಿಂಚಿಗೆ ಇಳಿಸುತ್ತೇನೆ. ಬ್ಯಾಸಿಗೆ ಹತ್ತಿರ ಬಂದಂತೆ ಒಂದೂವರೆ ಇಂಚಿಗೆ ಏರಿಸುತ್ತೇನೆ, ಎಸಳಿನ ನೆರಳೇ ಬೇರಿಗೆ ಕೊಡೆ. ಒಮ್ಮೆಗೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ಒಮ್ಮೆ ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದವನು ಒಂದೇ ಸಲಕ್ಕೆ ಬೋಳಿಸಿದೆ. ಕರಕಿಯ ಹಸಿರು ಮೇಲ್ತುದಿಯಲ್ಲಿ ಮಾತ್ರ, ಕೆಳಗೆಲ್ಲ ಕಂದು ಕಡ್ಡಿ ಎಂಬುದು ಅಂದು ತಿಳಿಯಿತು. ಹೊಸದಾಗಿ ಮುಡಿ ಕೊಟ್ಟ ತಲೆಯಂತೆ ಕಾಣುತ್ತಿತ್ತು. ಕೊಯ್ದ ಹುಲ್ಲನ್ನು ಗುಡಿಸಿ ಎಸೆಯುವುದಿಲ್ಲ. ಅಲ್ಲೇ ಬಿದ್ದು ಅಲ್ಲೇ ಗೊಬ್ಬರವಾಗುತ್ತದೆ. ಜೇಕು ಬಂದರೆ ಮಾತ್ರ ಕುರ್ಪಿ ಹಿಡಿದು ಕೂರಬೇಕು, ಗಡ್ಡೆ ಸಮೇತ ಬರುವ ತನಕ.

ಸಾವಿರಗಟ್ಟಲೆ ಲೀಟರಿನ ಬಯಕೆ ಹುಲ್ಲುಹಾಸಿನದು ಎಂಬ ಟೀಕೆಗೆ ಉತ್ತರ ಕೊಡಲೇಬೇಕು. ಲೆಕ್ಕ ಸುಲಭ. ನನ್ನ ನೆಲ 28 ಚದರ ಮೀಟರು; ಒಂದಿಂಚು ನೀರು ನಿಲ್ಲಿಸಿದರೆ 700 ಲೀಟರು. ಚಿಗುರುವ ಕಾಲದಲ್ಲಿ ಮಳೆ ಕೈಕೊಟ್ಟರೆ ವಾರಕ್ಕೆ ಅಷ್ಟು ಬೇಕು. ಟ್ಯಾಂಕರಿಗಾಗಿ ಕೊಡಗಳನ್ನು ಸಾಲಿಗಿಟ್ಟ ಓಣಿಯಲ್ಲಿ ಮೇ ತಿಂಗಳು ಅಷ್ಟು ನೀರನ್ನು ಹುಲ್ಲಿಗೆ ಸುರಿಯುವುದು ನನ್ನಿಂದಾಗದು, ಆಗಲೂಬಾರದು. ಅದಕ್ಕೇ ಮಾರ್ಚ್ ಕೊನೆಗೆ ನಾನು ಕರಕಿಯ ಕೈ ಬಿಡುತ್ತೇನೆ. ತರಕಾರಿ ತೊಳೆದದ್ದು, ಅಕ್ಕಿ ತೊಳೆದದ್ದು, ಸೋಪಿಲ್ಲದ ಬಚ್ಚಲ ನೀರು ತೊಟ್ಟಿಯಲ್ಲಿ ಕೂಡಿಸಿ, ಎರಡು ಮೂರು ವಾರಕ್ಕೊಮ್ಮೆ ನಸುಕಿನಲ್ಲಿ ಅರ್ಧ ಇಂಚು ಕುಡಿಸುವುದು. ಬೇರಿನ ಜೀವ ಹಿಡಿದಿರಲು ಅಷ್ಟು ಸಾಕು. ಮೇಲಿನ ಹಸಿರು ಹೋಗುತ್ತದೆ. ಹೋಗಲಿ.

ಹೋಗುವುದೂ ನೋಡುವಂಥದ್ದು ಎಂಬುದೇ ನಾನು ಇಲ್ಲಿ ಹೇಳಬೇಕೆಂದಿದ್ದ ಮಾತು. ಒಣಗಿದ ಕರಕಿ ಒಂದೇ ಬಣ್ಣದ್ದಲ್ಲ. ಏಪ್ರಿಲ್ ಮೊದಲಿಗೆ ಮಾಗಿದ ಜೋಳದ ದಂಟಿನ ಬಣ್ಣ. ತಿಂಗಳ ಕೊನೆಗೆ ರೊಟ್ಟಿಯ ಮೇಲಿನ ಸುಟ್ಟ ಕಲೆಯ ಹಾಗೆ ಅಲ್ಲಲ್ಲಿ ಕಂದು. ಮೇ ನಡುವಿಗೆ ಎಲ್ಲ ಬಿಳಿಚಿ, ಬೆಳದಿಂಗಳಲ್ಲಿ ನೋಡಿದರೆ ಬೂದಿ ಬಳಿದ ಚಾಪೆ. ಬೇವಿನ ಹೂವು ಅದರ ಮೇಲೆ ಉದುರಿ ಬಿಳಿ ಮೇಲೆ ಬಿಳಿ. ಮಧ್ಯಾಹ್ನದಲ್ಲೂ ಅದರ ಮೇಲೆ ಕಾಲಿಡಬಹುದು, ಪಕ್ಕದ ಸಿಮೆಂಟ್ ಹಾದಿಯ ಮೇಲೆ ಇಡಲಾಗದು. ಸಂಜೆ ಹೊರಸು ಹಾಕಿ, ಗಿರಮಿಟ್ಟು ಕಟ್ಟಿಸಿ ತಂದು ಓಣಿಯ ನಾಲ್ಕು ಜನ ಕೂತರೆ ಹಸಿರಿಲ್ಲ ಎಂದು ಯಾರೂ ದೂರಿದ್ದಿಲ್ಲ. ಚಂದ್ರಮುಕುಟ ಹಕ್ಕಿಯೊಂದು ಆ ಒಣ ಹಾಸಿನಲ್ಲೇ ಉದ್ದ ಕೊಕ್ಕು ಚುಚ್ಚಿ ಹುಳು ಹುಡುಕುತ್ತ ಗಂಟೆಗಟ್ಟಲೆ ಓಡಾಡುತ್ತದೆ. ಅದಕ್ಕೆ ಗೊತ್ತು, ಕೆಳಗೆ ಏನೂ ಸತ್ತಿಲ್ಲ ಎಂದು.

ವರ್ಷವಿಡೀ ಹಸಿರಿರಬೇಕೆಂಬ ಹಟ ನಮ್ಮದಲ್ಲ. ಆಗ್ರಾದ ತಾಜಮಹಲಿನ ಮುಂದೆ ಮೊಗಲರು ಬೆಳೆಸಿದ್ದು ಹಣ್ಣಿನ ಮರ, ಹೂಗಿಡಗಳ ತೋಟ. ಇಂದು ಕಾಣುವ ಅಗಲವಾದ ಹುಲ್ಲುಹಾಸು ಬ್ರಿಟಿಷರ ಕಾಲದ, ಮುಖ್ಯವಾಗಿ ವೈಸರಾಯ್ ಕರ್ಜನ್ನನ ಅಭಿರುಚಿ. ಇಲ್ಲಿ ಗೋಲಗುಮ್ಮಟದ ಮುಂದಿನ ಹಸಿರೂ ಅದೇ ಅಭಿರುಚಿಯ ಮುಂದುವರಿಕೆ. ಬೈಯಲು ಮನಸ್ಸು ಬರುವುದಿಲ್ಲ. ಆ ಕಪ್ಪು ಬೂದು ಕಲ್ಲಿನ ಬೃಹತ್ ಮೈಗೆ ಕಾಲಡಿಯ ಹಸಿರು ಒಪ್ಪುತ್ತದೆ. ಆದರೆ ಮಳೆಗಾಲದಲ್ಲಿ ಮಾತ್ರ ಒಪ್ಪುತ್ತದೆ ಎಂದು ನನ್ನ ತೀರ್ಪು. ಮೇ ತಿಂಗಳಲ್ಲಿ ಅದೇ ಕಲ್ಲಿನ ಕೆಳಗೆ ಒಣಕರಕಿಯ ಬಂಗಾರ ಇನ್ನೂ ಗಂಭೀರ.

ದಿಲ್ಲಿಯ ರಾಷ್ಟ್ರಪತಿ ಭವನದ ಉದ್ಯಾನದಲ್ಲಿರುವುದೂ ಕರಕಿಯೇ. ಕೊಲ್ಕತ್ತದ ಬೆಲ್ವೆಡೀರ್ ಎಸ್ಟೇಟಿನಿಂದ ತಂದು ಹಾಕಿದ ದೂಬ್ ಅದು. 2023ರಿಂದ ಅಮೃತ ಉದ್ಯಾನ ಎಂದು ಹೆಸರಾದ ಆ ತೋಟದಲ್ಲಿ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಇಡೀ ಹುಲ್ಲುಹಾಸನ್ನು ಎಬ್ಬಿಸಿ ತೆಗೆದು ಹೊಸ ಮಣ್ಣು ಹಾಕುವುದು ರೂಢಿ. ಮೂರು ವಾರದಲ್ಲಿ ಮತ್ತೆ ಹಸಿರು. ಅಪ್ಪನಿಗೆ ಇದನ್ನು ಹೇಳಿದೆ. “ನಾವೂ ಹಂಗ ಮಾಡ್ತಿದ್ವಿ. ನಮಗ ಮತ್ತ ಬರೋದು ಬ್ಯಾಡಾಗಿತ್ತು, ಅವರಿಗೆ ಬೇಕಾಗೇತಿ” ಎಂದ. ಅಮೆರಿಕದ ಜಾರ್ಜಿಯಾದ ಟಿಫ್ಟನ್‌ನಲ್ಲಿ ಕರಕಿಯನ್ನು ಅದರ ಆಫ್ರಿಕದ ನಂಟನೊಡನೆ ಕೂಡಿಸಿ ಹುಟ್ಟಿಸಿದ ತಳಿಗಳು ಇಂದು ಎಷ್ಟೋ ಆಟದ ಮೈದಾನಗಳಲ್ಲಿವೆ. ಬೀಜ ಕಟ್ಟದ ಅವುಗಳನ್ನೂ ಗಿಣ್ಣು ಊರಿಯೇ ಬೆಳೆಸಬೇಕು. ಒಟ್ಟಿನಲ್ಲಿ ಜಗತ್ತಿನ ಕಾಸ್ಟ್ಲಿ ಹುಲ್ಲುಗಳ ಹಿಂದೆ ನಿಂತಿರುವುದು ನಮ್ಮ ಬದುವಿನ ಕಳೆ.

ಕರಕಿಗೆ ಒಂದೇ ಒಂದು ಹಟವಿದೆ, ನೆರಳು ಸೇರದು. ನಾವೆಲ್ಲ ಬೇವಿನ ಬುಡಕ್ಕೆ ಓಡುವ ಹೊತ್ತಿಗೆ ಅದು ಬಿಸಿಲಿಗೆ ಓಡುತ್ತದೆ. ನಮ್ಮ ಬೇವಿನ ನೆರಳು ಎಲ್ಲಿಯವರೆಗೆ ಹೊರಳುತ್ತದೋ ಅಲ್ಲಿಯವರೆಗೆ ಹಾಸು ಸವೆದು ಮಣ್ಣು ಕಾಣುತ್ತದೆ. ಎರಡು ವರ್ಷ ಅಲ್ಲಿ ಕರಕಿ ನೆಟ್ಟು ಸೋತೆ. ಈಗ ಆ ಬೋಳು ನೆಲದ ಮೇಲೆ ಅಪ್ಪನ ಹೊರಸು ಇದೆ.

ರೋಹಿಣಿ ಮಳೆ ಒಮ್ಮೊಮ್ಮೆ, ಮಿರಗಾ ಮಳೆ ಬಹುತೇಕ, ಬರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದ ಮೂರನೇ ದಿನ ಬೆಳಿಗ್ಗೆ ಮೊಣಕಾಲೂರಿ ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಬೇಕು. ನಿಂತವರಿಗೆ ಇನ್ನೂ ಬೂದಿ ಬಣ್ಣದ ಚಾಪೆಯೇ. ಬಗ್ಗಿದವರಿಗೆ ಒಣಕಡ್ಡಿಗಳ ಬುಡದಲ್ಲಿ ಗಿಣ್ಣು ಗಿಣ್ಣಿಗೂ ಒಂದು ಹಸಿರು ಚುಕ್ಕೆ. ಐದನೇ ದಿನ ನಿಂತವರಿಗೂ ಕಾಣುತ್ತದೆ. ಶ್ರಾವಣಕ್ಕೆ ನೆಲವೇ ಕಾಣದು. ಆಗಿನ ಬೆಳಗುಗಳಲ್ಲಿ ಪ್ರತಿ ಎಸಳಿನ ತುದಿಯಲ್ಲೂ ಒಂದು ಹನಿ. ಅದನ್ನೆಲ್ಲ ಇಬ್ಬನಿ ಎಂದುಕೊಂಡಿದ್ದೆ. ಇಬ್ಬನಿ ಹೊರಗಿನ ಗಾಳಿಯಿಂದ ಬಂದು ಎಸಳಿನ ಉದ್ದಕ್ಕೂ ಕೂರುತ್ತದೆ. ಸರಿಯಾಗಿ ತುದಿಯಲ್ಲಿ ಒಂದೇ ಒಂದು ಗುಂಡಗಿನ ಹನಿಯಾಗಿ ನಿಂತದ್ದು ರಾತ್ರಿ ಬೇರು ಕೆಳಗಿನಿಂದ ತಳ್ಳಿ ಹೊರಹಾಕಿದ ನೀರು. ಬಿಸಿಲು ಬೇವನ್ನು ದಾಟಿ ಬರುವ ತನಕ ಅಷ್ಟೆ ಅದರ ಆಯುಸ್ಸು.

ಹಲಸಂಗಿ ಗೆಳೆಯರು ನಮ್ಮ ಸೀಮೆಯಲ್ಲಿ ಕೂಡಿಸಿದ ಗರತಿಯ ಹಾಡುಗಳಲ್ಲಿ, ತವರನ್ನು ಹರಸಲು ಮಾತು ಹುಡುಕುವ ಮಗಳಿಗೆ ನೆನಪಾಗುವುದು ಹೊಳೆದಂಡೆಯ ಕರಕಿ. ಹೊಲದಲ್ಲಿ ಅದೇ ಕರಕಿಯನ್ನು ಕಿತ್ತು ಸುಸ್ತಾಗಿ ಬಂದ ಕೈಗಳೇ ಬೀಸುವ ಕಲ್ಲಿಗೆ ಕೂತು ಆ ಹಾಡು ಹಾಡಿರಬೇಕು.

ಅವ್ವನಿಗೆ ಹುಲ್ಲುಹಾಸಿನ ಮೇಲೆ ಒಂದೇ ಹಕ್ಕು. ಒಂದು ವರ್ಷ ಹಬ್ಬಕ್ಕೆ ಅಂಗಳ ಚೆಂದ ಕಾಣಲಿ ಎಂದು ಹಿಂದಿನ ಸಂಜೆ ನುಣ್ಣಗೆ ಕತ್ತರಿಸಿಟ್ಟಿದ್ದೆ. ಬೆಳಿಗ್ಗೆ ಅವಳು ತಾಟು ಹಿಡಿದು ಹೊರಬಂದು ನೋಡಿದಳು. “ಇಂದ ಚೌತಿ ಅನ್ನೋದು ಗೊತ್ತಿದ್ದೂ ಮಷೀನ್ ಹೊಡದಿ? ಇಪ್ಪತ್ತೊಂದು ಕುಡಿ ಎಲ್ಲಿಂದ ತರಲಿ?” ಮೂರೆಸಳಿನ ಒಂದು ಕುಡಿಯೂ ಸಾಬೂತಾಗಿ ಉಳಿದಿರಲಿಲ್ಲ. 28 ಚದರ ಮೀಟರು ಕರಕಿ ಬೆಳೆಸಿದ ಮನೆಯವಳು ಗಣಪತಿಗಾಗಿ ಓಣಿಯ ಕೊನೆಯ ಖಾಲಿ ಸೈಟಿಗೆ ಹೋಗಿ ಕಿತ್ತು ತಂದಳು.

ಅಂದಿನಿಂದ ಚೌತಿಗೆ ಎಂಟು ದಿನ ಮುಂಚೆ ನಮ್ಮಲ್ಲಿ ಹುಲ್ಲು ಕತ್ತರಿಸುವುದು ಬಂದ್.